ಕೋಣನ ಕಾಲ್‌ಶೀಟ್ ಸಿಕ್ಕಿದೆಯೇ?

ಚೀನಾದ ಹಳ್ಳಿಗಳ ಫೋಟೊ ತೆಗೆಯಲು ಹೊರಟವರು ಯಾವ ಕ್ಯಾಮೆರಾ ಒಯ್ಯಲಿ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದಕ್ಕೂ ಮೊದಲು ವಿಚಾರಿಸಬೇಕಾದ್ದು ಕೋಣನ ಕಾಲ್‌ಶೀಟ್.

ಫುಜಿಯಾನ್ ಪ್ರಾಂತ್ಯದ ಶಿಯಾಪುವಿನಲ್ಲಿ, ಯಾಂಗ್‌ಜಿಯಾಶಿ ಎಂಬಲ್ಲಿ, ಹಳೆಯ ಆಲದ ತೋಪೊಂದಿದೆ. ಬೆಳಗಾಗುತ್ತಲೇ ಅಲ್ಲಿ ಟ್ರೈಪಾಡುಗಳು ಸಾಲುಗಟ್ಟಿ ನಿಲ್ಲುತ್ತವೆ. ಮುಂದಿನವರು ಕುಕ್ಕರಗಾಲಲ್ಲಿ, ನಡುವಿನವರು ಸೊಂಟ ಬಗ್ಗಿಸಿ, ಹಿಂದಿನವರು ಸ್ಟೂಲು ಹತ್ತಿ. ಗೈಡ್ ವಾಕಿಟಾಕಿಯಲ್ಲಿ ಏನೋ ಕೂಗುತ್ತಾನೆ. ಮರದ ಮರೆಯಲ್ಲಿ ಹುಲ್ಲಿಗೆ ಬೆಂಕಿ ಬೀಳುತ್ತದೆ, ಹೊಗೆ ಏಳುತ್ತದೆ, ಹೊಗೆಯೊಳಗೆ ಬಿಸಿಲುಕೋಲು ಇಳಿಯುತ್ತದೆ, ಅದನ್ನು ಸೀಳಿಕೊಂಡು ರೈತನೊಬ್ಬ ಕೋಣನನ್ನು ಹಿಡಿದು ನಡೆದು ಬರುತ್ತಾನೆ. ಚಟಪಟ ಚಟಪಟ, ಹುರಿಗಾಳು ಸಿಡಿದಂತೆ ಶಟರುಗಳ ಸದ್ದು. ಮುಗಿಯಿತೇ? ಎಲ್ಲಿ ಮುಗಿಯುತ್ತದೆ, ಹಿಂದಿನ ಸಾಲಿನವರೊಬ್ಬರು ಕ್ಯಾಮೆರಾದ ಐಎಸ್‌ಒ ಬದಲಿಸಲು ಮರೆತಿದ್ದರು. ರೈತ ಮರದ ಹಿಂದಕ್ಕೆ ಹೋಗಿ, ಇನ್ನೊಮ್ಮೆ ಹೊಲದಿಂದ ಮನೆಗೆ ಹೊರಡುತ್ತಾನೆ. ಹೊಲ ಎಲ್ಲಿದೆ ಎಂದು ಕೇಳುವ ಅಧಿಕಪ್ರಸಂಗವನ್ನು ಯಾರೂ ಮಾಡುವುದಿಲ್ಲ.

ರೈತನ ಮೇಲೆ ನನ್ನದೇನೂ ದೂರಿಲ್ಲ. ಇಡೀ ಸೆಟ್ಟಿನಲ್ಲಿ ತಾನೇನು ಮಾಡುತ್ತಿದ್ದೇನೆಂದು ಗೊತ್ತಿರುವವನು ಅವನೊಬ್ಬನೇ. ಭತ್ತ ನೆಟ್ಟರೆ ಮಳೆ ಕೈಕೊಡಬಹುದು, ದರ ಬೀಳಬಹುದು. ಫೋಟೊಗ್ರಾಫರ್ ಬೆಳೆಗೆ ಗೊಬ್ಬರವೂ ಬೇಡ, ಹೊಗೆ ಹಾಕಿದರೆ ಸಾಕು. ನೀವು ಮೊಬೈಲಿನಲ್ಲಿ ತೆಗೆದರೂ ಅವನ ದರ ಅಷ್ಟೇ. ನನ್ನ ತಕರಾರೇನಿದ್ದರೂ ಎದುರುಗಡೆ ನಿಂತವರದು.

ಅವರ ಬ್ಯಾಗು ಬಿಚ್ಚಿಸಿ ನೋಡಿ. 61 ಮೆಗಾಪಿಕ್ಸೆಲ್ ಬಾಡಿ. ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು. 16–35, 24–70, 70–200 ಲೆನ್ಸುಗಳು, ಮೂರೂ ದೊಡ್ಡ ಬಾಯಿಯ ಎಫ್ 2.8, ಕಿರಿಬಾಯಿಯ ಎಫ್ 4 ತಂದರೆ ಬಡತನದ ಹಿನ್ನೆಲೆ ಸರಿಯಾಗಿ ಬ್ಲರ್ ಆಗುವುದಿಲ್ಲವಂತೆ. ಕಾರ್ಬನ್ ಫೈಬರ್ ಟ್ರೈಪಾಡ್, ಫಿಲ್ಟರುಗಳ ಡಬ್ಬಿ, ಜೊತೆಗೊಂದು ಡ್ರೋನ್ (ಷೆನ್‌ಜೆನ್ ಕಂಪನಿಯದು, ತವರಿಗೆ ಬಂದಂತಾಯಿತು ಪಾಪ). ಇಷ್ಟನ್ನೂ ಬೆನ್ನಿಗೇರಿಸಿಕೊಂಡು ಏದುಸಿರು ಬಿಡುತ್ತ ಬರುವುದು ಏತಕ್ಕೆ? ಸರಳ ಬದುಕನ್ನು ಸೆರೆಹಿಡಿಯಲಿಕ್ಕೆ! ಕೊನೆಗೆ ಆ 61 ಮೆಗಾಪಿಕ್ಸೆಲ್ ಹೋಗಿ ಬೀಳುವುದು ಇನ್‌ಸ್ಟಾಗ್ರಾಂಗೆ, 1080 ಪಿಕ್ಸೆಲ್ ಅಗಲಕ್ಕೆ ಮುದುಡಿ, ಹೆಚ್ಚುಕಡಿಮೆ ಒಂದೂವರೆ ಮೆಗಾಪಿಕ್ಸೆಲ್ ಆಗಿ. ಅದೂ ವಿಪಿಎನ್ ಕೃಪೆ ಇದ್ದರೆ. ಚೀನಾದಲ್ಲಿ ಇನ್‌ಸ್ಟಾಗ್ರಾಂ ಬಂದ್.

ಇನ್ನು ಗುವಾಂಗ್‌ಶಿಯ ಲಿ ನದಿ. 20 ಯುವಾನ್ ನೋಟಿನ ಹಿಂಬದಿಯಲ್ಲಿರುವ ಬೆಟ್ಟಸಾಲು ಶಿಂಗ್‌ಪಿಂಗ್ ಊರಿನ ಹತ್ತಿರದ್ದು. ಹಿಂದೆ ಇಲ್ಲಿನ ಬೆಸ್ತರು ಸಾಕಿದ ನೀರುಕಾಗೆಯ ಕುತ್ತಿಗೆಗೆ ದಾರ ಬಿಗಿದು ನೀರಿಗೆ ಬಿಡುತ್ತಿದ್ದರು. ದೊಡ್ಡ ಮೀನು ಗಂಟಲಿಳಿಯದೆ ಬುಟ್ಟಿಗೆ ಬೀಳುತ್ತಿತ್ತು. ಈಗ ಮೀನಿನ ಗೊಡವೆಯೇ ಇಲ್ಲ. ಬಿಳಿಗಡ್ಡದ ಅಜ್ಜ ಬಿದಿರ ತೆಪ್ಪದ ಮೇಲೆ ಲಾಟೀನು ಹಚ್ಚಿಕೊಂಡು ನಿಂತರೆ, ಕೋಲಿನ ತುದಿಗೊಂದರಂತೆ ಎರಡು ಹಕ್ಕಿ ಸರ್ಕಾರಿ ನೌಕರರಂತೆ ಕೂತಿರುತ್ತವೆ. ಆ ಅಲುಗಾಡದ ಹಕ್ಕಿಯನ್ನು ಹಿಡಿಯಲು ನಮ್ಮವರ ಬಳಿ ಹಕ್ಕಿಯ ಕಣ್ಣು ಹುಡುಕುವ ಆಟೋಫೋಕಸ್ ಇದೆ, ಸೆಕೆಂಡಿಗೆ 30 ಫ್ರೇಮಿನ ವೇಗ ಇದೆ. ಮೂವತ್ತೂ ಫ್ರೇಮಿನಲ್ಲಿ ಹಕ್ಕಿ ಒಂದೇ ಥರ. ಕ್ಯಾಪ್ಶನ್ ಏನೆಂದರೆ 'ಕಾಲ ನಿಂತುಹೋದ ಊರು'. ಕಾಲದ ವಿಷಯ ನನಗೆ ಗೊತ್ತಿಲ್ಲ, ಬುಲೆಟ್ ರೈಲಂತೂ 2014ರಿಂದ ಅಲ್ಲಿ ನಿಲ್ಲುತ್ತಿದೆ. ಬರೆದವರು ಇಳಿದದ್ದೂ ಅದರಿಂದಲೇ.

ಶಿಯಾಪುವಿನ ಮಾತು ಬಂದಾಗ ಇದನ್ನೂ ಹೇಳಿಬಿಡಬೇಕು. ಅದು ನಿಂಗ್‌ದೆ ನಗರಾಡಳಿತಕ್ಕೆ ಸೇರಿದ ಕೌಂಟಿ. ಜಗತ್ತಿನಲ್ಲೇ ಅತಿ ಹೆಚ್ಚು ಇ–ಕಾರ್ ಬ್ಯಾಟರಿ ತಯಾರಿಸುವ ಸಿಎಟಿಎಲ್ ಕಂಪನಿಯ ಮುಖ್ಯ ಕಚೇರಿ ಇರುವುದು ಅದೇ ನಿಂಗ್‌ದೆಯಲ್ಲಿ. ಅತ್ತ ಯಾರೂ ಲೆನ್ಸ್ ತಿರುಗಿಸುವುದಿಲ್ಲ. ಕಾರ್ಖಾನೆಗೆ ಹೊಗೆ ಹಾಕಿದರೆ ನೋಟೀಸು ಬರುತ್ತದೇ ಹೊರತು ಪದಕವಲ್ಲ. ಕೆಸರುಗಡಲಲ್ಲಿ ಬಿದಿರ ಗಳ ನೆಟ್ಟು ಕಡಲಪಾಚಿ ಬೆಳೆಯುವವರು ನಿಜಕ್ಕೂ ಮೈಮುರಿದು ದುಡಿಯುತ್ತಾರೆ. ಆದರೆ ಅವರ ದೋಣಿಗೆ ಮೋಟಾರು, ಕೈಯಲ್ಲಿ ಮೊಬೈಲು. ಅಂಥವರು ಫ್ರೇಮಿಗೆ ನುಗ್ಗಿದರೆ ಫೋಟೊಗ್ರಾಫರುಗಳು 'ಸ್ವಲ್ಪ ಸೈಡಿಗೆ' ಎಂದು ಸನ್ನೆ ಮಾಡುತ್ತಾರೆ. ನಿಜವಾದ ಕೆಲಸಕ್ಕೆ ಹೊರಟವನು ಪಕ್ಕಕ್ಕೆ ಸರಿಯಬೇಕು, ಫೋಟೊಗಾಗಿ ಬರಿದೇ ಬಲೆ ಬೀಸುವವನು ನಡುವೆ ನಿಲ್ಲಬೇಕು.

ನಮ್ಮ ಬೆಂಗಳೂರಿನ ಸಲಾನ್ (ಫೋಟೊ ಸ್ಪರ್ಧೆ) ಶೂರರಿಗೂ ಈ ಚಿತ್ರಗಳು ಹೊಸತಲ್ಲ. ದೇಶವಿದೇಶದ ಸ್ಪರ್ಧೆಗಳಿಗೆ ಚಿತ್ರ ಕಳಿಸಿ ಅಕ್ಸೆಪ್ಟೆನ್ಸ್, ಅಂದರೆ ಆಯ್ಕೆಯಾದ ಲೆಕ್ಕ, ಎಣಿಸುವ ವ್ರತ ನಮ್ಮಲ್ಲೂ ಉಂಟು. ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿಯ ಟ್ರಾವೆಲ್ ವಿಭಾಗದ ನಿಯಮ ಖಡಾಖಂಡಿತ: ಫೋಟೊಗಾಗಿಯೇ ಏರ್ಪಡಿಸಿದ ದೃಶ್ಯ, ಬಾಡಿಗೆಗೆ ಕರೆತಂದವರು, ಹೇಳಿಕೊಟ್ಟು ನಿಲ್ಲಿಸಿದವರು ನಡೆಯುವುದಿಲ್ಲ. ಇದಕ್ಕೆ ಉತ್ತರ ಸಿದ್ಧವಿದೆ. ಬಾಡಿಗೆ ಎಲ್ಲಿ ಬಂತು ಸ್ವಾಮಿ, ಅಜ್ಜನಿಗೆ ಖುಷಿಗೆ ಕೊಟ್ಟದ್ದು. ಹೊಗೆಯೇ? ರೈತರು ಹುಲ್ಲು ಸುಡುವುದಿಲ್ಲವೇ? ಐವತ್ತು ಜನ ಹೇಗೆ ಒಂದೇ ಕ್ಷಣಕ್ಕೆ ಅಲ್ಲಿದ್ದರು ಎಂದರೆ, ಯೋಗಾಯೋಗ. ಹೀಗೆ ಬೇರೆಬೇರೆ ದೇಶದವರ ಹೆಸರಿನಲ್ಲಿ, ಬಲಗಾಲು ಮುಂದಿಟ್ಟ ಅದೇ ಕೋಣ ವರ್ಷವರ್ಷವೂ ಗೋಡೆಗೇರುತ್ತದೆ. ತೆಗೆದವರು ಹೆಸರಿನ ಪಕ್ಕ ಎಎಫ್‌ಐಎಪಿ ಎಂಬ ಅಂತರರಾಷ್ಟ್ರೀಯ ಫೋಟೊಗ್ರಫಿ ಒಕ್ಕೂಟದ ಬಿರುದು ಬರೆಸಿಕೊಳ್ಳುತ್ತಾರೆ. ಕೋಣನಿಗೆ ಮಾತ್ರ ಇನ್ನೂ ಆ ಬಿರುದು ಬಂದಿಲ್ಲ. ಬೇಕಾದಷ್ಟು ಅಕ್ಸೆಪ್ಟೆನ್ಸ್ ಆಗಲೇ ಅದರ ಖಾತೆಯಲ್ಲಿದೆ, ಅರ್ಜಿ ಹಾಕುವವರಿಲ್ಲ.