ನೀರಿಗೆ ಹೆಡ್ ಇಲ್ರೀ!

ಹುಬ್ಬಳ್ಳಿ-ಧಾರವಾಡದ ಕಚೇರಿಗಳಲ್ಲಿ ಯಂತ್ರಗಳನ್ನು ಯಾರೂ ನೋಡಿಕೊಳ್ಳುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಖಂಡೇ ಪೂಜೆಯ ದಿನ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂದರೆ, ಮುಂದಿನ ದಸರೆಯವರೆಗೆ ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಅವತ್ತು ಕಂಪ್ಯೂಟರಿಗೆ ವಿಭೂತಿ ಬಳಿಯುತ್ತಾರೆ. ಅದೂ ಗಾಳಿ ಆಡುವ ಕಿಂಡಿಯ ಮೇಲೆ. ಒಳಗಿನ ಫ್ಯಾನಿಗೆ ನಮ್ಮೂರ ಧೂಳು ಮೊದಲೇ ಹತ್ತಿರುತ್ತದೆ, ವಿಭೂತಿ ಬರೀ ಮೇಲಿನ ಕೋಟಿಂಗ್. ಕೀಬೋರ್ಡಿಗೆ ಕುಂಕುಮ, ಪ್ರಿಂಟರಿಗೆ ಚೆಂಡು ಹೂವಿನ ಹಾರ. ಮುಂದಿನ ವಾರ ನಿಮ್ಮ ಜಮೀನಿನ ಉತಾರ ಅರ್ಧಕ್ಕೇ ಸಿಕ್ಕಿಬಿದ್ದರೆ ಬೈಯಬೇಡಿ. ಒಳಗಿರುವುದು ಪ್ರಸಾದ.

ಕರೆಂಟ್ ಹೋದಾಗ ಕಂಪ್ಯೂಟರ್ ನಡೆಸುವ, ಮೂಲೆಯ ಯುಪಿಎಸ್‌ನದು ಬೇರೆಯೇ ಕಥೆ. ಅದರ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಚಾರ್ಜ್ ಆಗುತ್ತಾ ನೀರು ಇಳಿಯುತ್ತದೆ, ಪ್ಲೇಟು ಒಣಗಿದರೆ ಬ್ಯಾಟರಿ ಮುಗೀತು. ನಲ್ಲಿ ನೀರು ನಡೆಯಲ್ಲ, ಅದರಲ್ಲಿನ ಲವಣ ಪ್ಲೇಟು ತಿನ್ನುತ್ತದೆ. ಮನುಷ್ಯರೇ ಮಲಪ್ರಭೆ ನೀರಿಗೆ ದಿನಗಟ್ಟಲೆ ಕಾಯುವ ಊರಲ್ಲಿ, ಬ್ಯಾಟರಿಗೆ ದುಡ್ಡು ಕೊಟ್ಟು ನೀರು ತರಲು ಯಾರು ಸಹಿ ಹಾಕ್ತಾರೆ? ಒಂದು ಕಚೇರಿಯಲ್ಲಿ ಸುಮ್ನೆ ಕೇಳಿದೆ. "ನೀರಿಗೆ ಹೆಡ್ ಇಲ್ರೀ ಸರ, ಹೊಸಾ ಬ್ಯಾಟರಿಗೆ ಐತಿ" ಅಂದರು. ಹೆಡ್ ಅಂದರೆ ಖರ್ಚು ತೋರಿಸುವ ಬಜೆಟ್ ಬಾಬ್ತು.

ಹಾಗಾಗಿ ಎಲ್ಲರೂ ಬ್ಯಾಟರಿ ಸಾಯುವುದನ್ನೇ ಕಾಯುತ್ತಾರೆ. ಸತ್ತ ಮೇಲೆ ಟಿಪ್ಪಣಿ, ಆಮೇಲೆ ಕೊಟೇಶನ್, ಆಮೇಲೆ ಮೇಲಿನವರ ಸಹಿ. ಅಲ್ಲಿವರೆಗೆ ಕರೆಂಟ್ ಹೋದಾಗಲೆಲ್ಲ "ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ." ಪಾಪ, ಸರ್ವರ್ ಎಲ್ಲೋ ದೂರದ ಊರಲ್ಲಿ ಆರಾಮಾಗಿ ಓಡುತ್ತಿರುತ್ತದೆ.

ಹೊಸ ಬ್ಯಾಟರಿ ಬಂದಿತು ಅನ್ನಿ. ಹಳೆಯವು ಎಲ್ಲಿಗೆ? 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಕಂಡಲ್ಲಿ ಎಸೆಯುವಂತಿಲ್ಲ. ಕಚೇರಿಯವರು ಅಕ್ಷರಶಃ ಪಾಲಿಸಿದ್ದಾರೆ, ಎಲ್ಲಿಯೂ ಎಸೆದಿಲ್ಲ. ಪಡಸಾಲೆಯಲ್ಲಿ ಸಾಲಾಗಿ ಜೋಡಿಸಿದ್ದಾರೆ. ಕುರ್ಚಿ ಸಾಲದ ದಿನ ಅರ್ಜಿದಾರರು ಅದರ ಮೇಲೇ ಕೂರುತ್ತಾರೆ. ಒಳಗಿರುವುದು ಸೀಸ ಮತ್ತು ಆಸಿಡ್ ಅಂತ ಹೇಳಿ ಅವರನ್ನು ಎಬ್ಬಿಸುವವರು ಯಾರು?

ಇದೇ ಕಚೇರಿಯ ಸಾಹೇಬರ ಮನೆಯ ಇನ್ವರ್ಟರ್ ನೋಡಬೇಕು ನೀವು. ಕ್ಯಾಲೆಂಡರಿನಲ್ಲಿ ತಾರೀಖಿಗೆ ಸುತ್ತು ಹಾಕಿ ನೀರು ತುಂಬುತ್ತಾರೆ. ಟರ್ಮಿನಲ್ಲಿಗೆ ಹಿಡಿದ ಬಿಳಿ ಪುಡಿ ಒರೆಸಿ ವ್ಯಾಸಲೀನ್ ಹಚ್ಚುತ್ತಾರೆ. ಅದರ ಮೇಲೆ ಮಕ್ಕಳು ಒಂದು ಪುಸ್ತಕ ಇಟ್ಟರೂ ಬೈಗುಳ. ಮೊನ್ನೆ ಮಧ್ಯಾಹ್ನ ಕಚೇರಿ ಕತ್ತಲಾದಾಗ ಅವರು ಫೈಲುಗಳನ್ನು ಬ್ಯಾಗಿಗೆ ತುರುಕಿ ಹೊರಟೇಬಿಟ್ಟರು. ಎಲ್ಲಿಗೆ ಸರ್ ಅಂದರೆ, "ಮನೀಗೆ. ಅಲ್ಲೆ ಬ್ಯಾಕಪ್ ಐತಿ."