ಹಿಡ್ದು ಬಿಡೋದಾದ್ರೆ ಹಿಡಿಯೋದು ಎಂತಕ್ಕೆ?

ಜನವರಿಯ ಒಂದು ಬೆಳಿಗ್ಗೆ, ಏಳು ಗಂಟೆ. ವರ್ಜೀನಿಯಾದ ರಿಚ್ಮಂಡ್ ಊರಿನ ನಡುವೆಯೇ ಹರಿಯುವ ಜೇಮ್ಸ್ ನದಿಯ ದಡದಲ್ಲಿ ಗಾಳ ಹಿಡಿದು ನಿಂತಿದ್ದೆ. ಎರಡು ಸಲ ಎಸೆದು ಸುತ್ತಿಕೊಂಡರೆ ಸಾಕು, ಕೋಲಿನ ತುದಿಯ ಬಳೆಯಲ್ಲಿ ನೀರು ಹೆಪ್ಪುಗಟ್ಟಿ ತಂಗೂಸು, ಅಂದರೆ ಗಾಳದ ದಾರ, ಸಿಕ್ಕಿಕೊಳ್ಳುತ್ತಿತ್ತು. ಕೋಲನ್ನು ನೀರಲ್ಲಿ ಅದ್ದಿ ಮಂಜುಗಡ್ಡೆ ಬಿಡಿಸಬೇಕು. ಮತ್ತೆ ಎಸೆಯಬೇಕು. ತೀರ್ಥಹಳ್ಳಿಯಲ್ಲಿ ಆಗ ಸಂಜೆ ಐದೂವರೆ. ಅಮ್ಮ ವಿಡಿಯೋ ಕಾಲ್ ಮಾಡಿದರು. ಅದೇ ಹೊತ್ತಿಗೆ ಸ್ಮಾಲ್‌ಮೌತ್ ಬಾಸ್ ಅನ್ನೋ ಮೀನೊಂದು ಸಿಕ್ಕಿತು. ಮೊಳದುದ್ದ, ಕಂಚಿನ ಬಣ್ಣ. ಅಮ್ಮನಿಗೆ ತೋರಿಸಿ, ಗಾಳ ಬಿಡಿಸಿ, ನೀರಿಗೆ ಬಿಟ್ಟೆ.

"ಬಿಟ್ಯಾ?" ಅಂದರು. "ಹಿಡ್ದು ಬಿಡೋದಾದ್ರೆ ಹಿಡಿಯೋದು ಎಂತಕ್ಕೆ ಮಾರಾಯ? ಅದ್ರ ಬಾಯಿ ಹರಿಯೋಕಾ?"

ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ತುಂಬ ದಿನ ಯೋಚಿಸಿದೆ. ಅಮ್ಮ ಕೇಳಿದ್ದು ಸರಿ. ಆದರೆ ನಾವು ಊರಲ್ಲಿ ಮಾಡುತ್ತಿದ್ದುದು ಸರಿ ಅಂತ ಹೇಳೋಕೂ ಈಗ ಬಾಯಿ ಬರುವುದಿಲ್ಲ.

ಮಲೆನಾಡಿನವರಿಗೆ ಹತ್ತುಮೀನು ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಮಳೆ ಹಿಡಿದು ಹಳ್ಳ ಕೆಂಪಾಗುತ್ತಿದ್ದ ಹಾಗೆ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ, ಮೊಟ್ಟೆ ಇಡೋಕೆ. ಚಿಕ್ಕಪ್ಪ ಕೂಣಿಯನ್ನು, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿಯನ್ನು, ನೀರು ಇಕ್ಕಟ್ಟಾಗುವ ಕಡೆ ಕೂರಿಸಿ, ಅಕ್ಕಪಕ್ಕ ಸೊಪ್ಪು ತುರುಕಿ ಬರುತ್ತಿದ್ದರು. ಬೆಳಿಗ್ಗೆ ಎತ್ತಿದರೆ ಒಳಗೆಲ್ಲ ಪಟಪಟ ಸದ್ದು. ಮುರುಗೋಡು ಅನ್ನೋ ಮೀಸೆಯ ಮೀನು ಸಿಕ್ಕರಂತೂ ನನಗೆ ಹಬ್ಬ. ಅದಕ್ಕೆ ಬೂದಿ ಹಾಕಿ ಉಜ್ಜದಿದ್ದರೆ ಕೈಯಲ್ಲಿ ನಿಲ್ಲುವುದಿಲ್ಲ, ಪಕ್ಕದ ಮುಳ್ಳು ಚುಚ್ಚಿದರೆ ದಿನವಿಡೀ ಉರಿ. ಅಮ್ಮ ಹೊಟ್ಟೆ ಸೀಳಿ ಮೊಟ್ಟೆ ತೆಗೆದು ಬೇರೆಯಾಗಿ ಹುರಿಯುತ್ತಿದ್ದರು. ಆ ರುಚಿ ಇವತ್ತಿಗೂ ನಾಲಗೆಯ ಮೇಲಿದೆ. ಆದರೆ ಒಂದೊಂದು ಮೀನಿನ ಹೊಟ್ಟೆಯಲ್ಲಿ ಇದ್ದದ್ದು ಮುಂದಿನ ವರ್ಷದ ಮೀನು, ಅಲ್ವಾ? ಆಗ ಅದು ಯಾರ ತಲೆಗೂ ಬರಲಿಲ್ಲ.

ಇಲ್ಲಿಯ ಚಳಿಗಾಲದ ಗಾಳ ಇದಕ್ಕೆ ಪೂರ್ತಿ ಉಲ್ಟಾ. ಮೀನು ಎಲ್ಲೂ ಹತ್ತುವುದಿಲ್ಲ. ಜನವರಿಯಲ್ಲಿ ನೀರು ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ಮೀನಿನ ಮೈಯೂ ಅಷ್ಟೇ ತಣ್ಣಗೆ. ನೀರು 10 ಡಿಗ್ರಿಗಿಂತ ಕೆಳಗಿಳಿದರೆ ಬಾಸ್ ಓಡಾಟ ಕಡಿಮೆ ಮಾಡಿ, ಬಂಡೆಯ ಮರೆಯಲ್ಲಿ, ಆಳವಾದ ಗುಂಡಿಯಲ್ಲಿ, ಸೆಳೆತ ಇಲ್ಲದ ಕಡೆ ಸುಮ್ನೆ ನಿಂತುಬಿಡುತ್ತದೆ. ತಿಂದದ್ದು ಅರಗೋಕೂ ದಿನಗಟ್ಟಲೆ ಬೇಕು. ಹಾಗಾಗಿ ಬೇಸಿಗೆಯ ಹಾಗೆ ಆಮಿಷವನ್ನು ಸರಸರ ಎಳೆದರೆ ಅದು ತಿರುಗಿಯೂ ನೋಡುವುದಿಲ್ಲ. ಕೂದಲು ಕಟ್ಟಿದ ಜಿಗ್ ಅನ್ನೋ ಸಣ್ಣ ಸೀಸದ ಆಮಿಷವನ್ನು ತಳದಲ್ಲಿ ಇಟ್ಟು ಕಾಯಬೇಕು. ಒಂದು ಗೇಣು ಎಳೆದು ಮತ್ತೆ ಕಾಯಬೇಕು. ಮೀನು ಕಚ್ಚಿದ್ದೂ ಗೊತ್ತಾಗುವುದಿಲ್ಲ. ತಂಗೂಸು ಸ್ವಲ್ಪ ಭಾರ ಆದ ಹಾಗೆ, ಒದ್ದೆ ಎಲೆ ಸಿಕ್ಕಿಕೊಂಡ ಹಾಗೆ, ಅಷ್ಟೇ. ಬೆರಳು ಮರಗಟ್ಟಿರುತ್ತದೆ ಬೇರೆ. ಮೊದಲ ಚಳಿಗಾಲದಲ್ಲಿ ಎಷ್ಟು ಮೀನನ್ನು ಎಲೆ ಅಂದುಕೊಂಡೆನೋ.

ಇದನ್ನು ಕಲಿಸಿದವರು ಪಕ್ಕದ ಮನೆಯ ಅಜ್ಜ, ರಿಟೈರ್ ಆದವರು. ಗಾಳಕ್ಕಿಂತ ಮೊದಲು ನೀರಿನ ಮಟ್ಟ ನೋಡೋದು ಕಲಿಸಿದರು. ಇಲ್ಲಿ ವೆಸ್ಟ್‌ಹ್ಯಾಮ್ ಅಂತ ಒಂದು ಅಳತೆ ಕೇಂದ್ರ ಇದೆ. ಅಲ್ಲಿ ನೀರು 5 ಅಡಿ ದಾಟಿದರೆ ನದಿಗಿಳಿಯುವವರು ಲೈಫ್ ಜಾಕೆಟ್ ಹಾಕಲೇಬೇಕು. 9 ಅಡಿ ದಾಟಿದರೆ ಪರ್ಮಿಟ್ ಇಲ್ಲದೆ ಇಳಿಯುವ ಹಾಗೇ ಇಲ್ಲ. ಅಜ್ಜನ ಇನ್ನೊಂದು ಪಾಠ ಒಂದು-ಹತ್ತು-ಒಂದು. ತಣ್ಣೀರಿಗೆ ಬಿದ್ದರೆ ಉಸಿರು ಹತೋಟಿಗೆ ತರೋಕೆ ಒಂದು ನಿಮಿಷ, ಕೈಕಾಲು ಮಾತು ಕೇಳೋದು ಹತ್ತು ನಿಮಿಷ, ಪ್ರಜ್ಞೆ ಇರೋದು ಒಂದು ಗಂಟೆ. ತುಂಗೆಯಲ್ಲಿ ಈಜಿದವನು ಅಂತ ನಾನು ಜಂಬ ಕೊಚ್ಚಿದ್ದೆ. ಒಂದು ದಿನ ಪಾಚಿ ಕಲ್ಲಿನ ಮೇಲೆ ಜಾರಿ ಸೊಂಟದವರೆಗೆ ನೀರಿಗಿಳಿದೆ. ಉಸಿರು ಎಳೆದುಕೊಳ್ಳೋಕೇ ಆಗಲಿಲ್ಲ. ಜಂಬ ಅವತ್ತಿಗೇ ಮುಗಿಯಿತು.

ಈ ನದಿಗೆ ಊರೊಳಗೇ ಒಂದು ಗಡಿ ಇದೆ. ಬಂಡೆಗಳ ಮೇಲೆ ಧುಮುಕಿ ಬರುವ ನೀರು ರಿಚ್ಮಂಡ್‌ನಲ್ಲಿ ಸಮತಟ್ಟಿಗೆ ಬರುತ್ತದೆ. ಅಲ್ಲಿಂದ ಕೆಳಗೆ ಸಮುದ್ರದ ಉಬ್ಬರವಿಳಿತ ಬಂದು ಮುಟ್ಟುತ್ತದೆ. ಮೇಲೆ ಬಾಸ್, ಕೆಳಗೆ ಬ್ಲೂ ಕ್ಯಾಟ್‌ಫಿಶ್, ನಮ್ಮ ಮುರುಗೋಡಿನ ಹಾಗೆ ಮೀಸೆಯ ಮೀನು. ಚಳಿಗೆ ಫ್ಲಾಟ್‌ಹೆಡ್ ಅನ್ನೋ ಜಾತಿಯ ಕ್ಯಾಟ್‌ಫಿಶ್ ಹೆಚ್ಚುಕಡಿಮೆ ಮಲಗಿಬಿಡುತ್ತದೆ, ಬ್ಲೂ ಮಾತ್ರ ಚಳಿಗಾಲದಲ್ಲೂ ಚೆನ್ನಾಗಿ ತಿನ್ನುತ್ತದೆ. ದೊಡ್ಡ ಮೀನಿನ ಆಸೆಯವರು ಜನವರಿ, ಫೆಬ್ರವರಿಗೇ ಕಾಯುತ್ತಾರೆ. ನದಿ ತಿರುಗುವ ಕಡೆ ಹೊರಮಗ್ಗುಲಿನ ಆಳದಲ್ಲಿ ದೋಣಿಗೆ ಲಂಗರು ಹಾಕಿ, ಶ್ಯಾಡ್ ಮೀನಿನ ತುಂಡನ್ನು ದುಂಡು ಗಾಳಕ್ಕೆ ಸಿಕ್ಕಿಸಿ ತಳಕ್ಕೆ ಬಿಡುತ್ತಾರೆ. ಆ ಶ್ಯಾಡ್‌ನ ಎಣ್ಣೆ ವಾಸನೆ ಕೈಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ. ಹೆಂಡತಿ ಗ್ಯಾರೇಜ್‌ನಲ್ಲೇ ತಡೆಯುತ್ತಾಳೆ.

ತಮಾಷೆ ಅಂದರೆ, ಎರಡೂ ಈ ನದಿಯವಲ್ಲ. ಸ್ಮಾಲ್‌ಮೌತ್ ಅನ್ನು 1854ರಲ್ಲಿ ರೈಲು ಎಂಜಿನ್‌ನ ನೀರಿನ ತೊಟ್ಟಿಯಲ್ಲಿ ಹಾಕಿ ತಂದು ಇಲ್ಲಿಗೆ ಉತ್ತರದಲ್ಲಿರುವ ಪೊಟೊಮ್ಯಾಕ್ ನದಿಗೆ ಬಿಟ್ಟರು. ಜೇಮ್ಸ್‌ಗೆ ಬಂದದ್ದು ಆಮೇಲೆ. ಬ್ಲೂ ಕ್ಯಾಟ್‌ಫಿಶ್ ಅನ್ನು 1970ರ ದಶಕದಲ್ಲಿ ಗಾಳದವರ ಖುಷಿಗೆ ಅಂತ ಸರ್ಕಾರವೇ ಬಿಟ್ಟಿತು. ಮೊದಲನೆಯದು ಈಗ ಮನೆಮಗ. ಎರಡನೆಯದು ಚೆಸಪೀಕ್ ಕೊಲ್ಲಿಯವರೆಗೆ ಹರಡಿ ಅಲ್ಲಿನ ಏಡಿಯನ್ನೂ ತಿನ್ನುತ್ತಿದೆ, ಹಿಡಿದು ತಿನ್ನಿ ಅಂತ ಸರ್ಕಾರವೇ ಹೇಳುತ್ತಿದೆ. ವೀಸಾ ಮೇಲೆ ಬಂದ ನಾನು ಈ ಜಗಳದಲ್ಲಿ ತಲೆ ಹಾಕುವುದಿಲ್ಲ ಬಿಡಿ.

ಮೀನು ಹಿಡಿದು ಬಿಡೋದರಲ್ಲಿ ಇಲ್ಲಿಯವರಿಗೆ ಭಾರಿ ಹೆಮ್ಮೆ. ಅದರಲ್ಲಿ ಅರ್ಧ ಫೋಟೋ ಚಟ ಅಂತ ನನ್ನ ಅನಿಸಿಕೆ. ಸೊನ್ನೆಗಿಂತ ಕೆಳಗಿನ ಗಾಳಿಯಲ್ಲಿ ಮೀನನ್ನು ಎತ್ತಿ ಹಿಡಿದು, ನಾಲ್ಕು ಭಂಗಿಯಲ್ಲಿ ಫೋಟೋ ತೆಗೆದು, ಕಿವಿರು ಹೆಪ್ಪುಗಟ್ಟೋ ಹೊತ್ತಿಗೆ ಬಿಡುವುದು ಎಂಥ ದಯೆ? ಅಮ್ಮನ ಪ್ರಶ್ನೆ ಇವರಿಗೇ ಸರಿಯಾಗಿ ತಗಲುತ್ತದೆ. ಬಿಡೋದಾದರೆ ನೀರಲ್ಲೇ ಗಾಳ ಬಿಡಿಸಬೇಕು. ಅಮ್ಮನಿಗೆ ತೋರಿಸೋಕೆ ಎತ್ತಿದ ನಾನೂ ಅವತ್ತು ತಪ್ಪಿತಸ್ಥನೇ.

ಆದರೆ ಇವರಲ್ಲಿ ಅಳತೆ ಇದೆ. ಅಜ್ಜನ ಡಬ್ಬಿಯಲ್ಲಿ ಗಾಳದ ಜೊತೆ ಒಂದು ಟೇಪು ಸದಾ ಇರುತ್ತದೆ. ಲೈಸೆನ್ಸ್‌ಗೆ ವರ್ಷಕ್ಕೆ ಇಪ್ಪತ್ತು ಚಿಲ್ಲರೆ ಡಾಲರ್. ಬ್ಲೂ ಕ್ಯಾಟ್‌ಫಿಶ್ 32 ಇಂಚು ದಾಟಿದ್ದರೆ ತಿನ್ನಬೇಡಿ ಅಂತ ಆರೋಗ್ಯ ಇಲಾಖೆ ಹೇಳುತ್ತದೆ. ಅಷ್ಟು ಬೆಳೆಯೋಕೆ ಬಹಳ ವರ್ಷ ಬೇಕು, ಅಷ್ಟರಲ್ಲಿ ಪಿಸಿಬಿ ಅನ್ನೋ ವಿಷ ಅದರ ಕೊಬ್ಬಿನಲ್ಲಿ ಸೇರಿರುತ್ತದೆ. ಇದನ್ನೇನೂ ಇವರು ಹುಟ್ಟುತ್ತಲೇ ಕಲಿತವರಲ್ಲ. ಹೋಪ್‌ವೆಲ್ ಅನ್ನೋ ಊರಿನ ಕಾರ್ಖಾನೆಯೊಂದರಿಂದ ಕೆಪೋನ್ ಅನ್ನೋ ಕೀಟನಾಶಕ ನದಿಗೆ ಸೇರಿ, 1975ರ ಡಿಸೆಂಬರ್‌ನಲ್ಲಿ ಗವರ್ನರ್ ಮಿಲ್ಸ್ ಗಾಡ್ವಿನ್ ಈ ನದಿಯ ಕೆಳಭಾಗದಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಿದ್ದರು. ನಿರ್ಬಂಧ ಪೂರ್ತಿ ಹೋಗೋಕೆ 13 ವರ್ಷ ಬೇಕಾಯಿತು. ಅಜ್ಜ ಆಗ ಹರೆಯದ ಹುಡುಗ. "ನದಿ ಎದುರಿಗೇ ಇತ್ತು, ಮೀನೂ ಇತ್ತು, ತಿನ್ನೋ ಹಾಗಿರಲಿಲ್ಲ" ಅನ್ನುತ್ತಾರೆ.

ನಾನು ಬಾಸ್ ಬಿಡುತ್ತೇನೆ, ಎರಡಡಿಯೊಳಗಿನ ಬ್ಲೂ ಸಿಕ್ಕರೆ ಮನೆಗೆ ತರುತ್ತೇನೆ. ಇಕ್ಕುಳದಲ್ಲಿ ಚರ್ಮ ಎಳೆದು, ನಡುವಿನ ಕೆಂಪು ಮಾಂಸ ಕೆತ್ತಿ ತೆಗೆದರೆ ಕೆಸರು ವಾಸನೆ ಹೋಗುತ್ತದೆ. ಊರಿಂದ ತಂದ ವಾಟೆಹುಳಿ ಹಾಕಿ ಸಾರು, ಜೊತೆಗೆ ಅಕ್ಕಿ ರೊಟ್ಟಿ. ಮುರುಗೋಡಿನ ರುಚಿ ಇಲ್ಲ, ಆದರೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಊರಲ್ಲಿ ಕಡಲಿಗೆ ಅಳತೆ ಬಂದಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಇಳಿಯುವ ಹಾಗಿಲ್ಲ. ಅದೇ ಜೂನ್‌ನಲ್ಲಿ ನಮ್ಮ ಹಳ್ಳಗಳಲ್ಲಿ ಹಬ್ಬ. ಕೂಣಿ ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿತ್ತೇನೋ. ಈಗ ಹಳ್ಳಕ್ಕೆ ಅಡ್ಡ ಬಲೆ, ಬ್ಯಾಟರಿಯ ಕರೆಂಟು, ಬ್ಲೀಚಿಂಗ್ ಪೌಡರ್. ಶೃಂಗೇರಿಯಲ್ಲಿ ಅದೇ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ನಾವೇ ಹತ್ತುಮೀನು ಸಿಕ್ಕಿತು ಅಂದರೆ ಚೀಲ ಹಿಡಿದು ಓಡುತ್ತೇವೆ.

ಮೊನ್ನೆ ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ, ಮೊದಲ ಮಳೆಯ ಎರಡು ದಿನ ಕೂಣಿ ಹಾಕಬೇಡಿ, ಮೊಟ್ಟೆ ಇಟ್ಟುಹೋಗಲಿ ಅಂತ. ನಕ್ಕರು. "ಅಲ್ಲಿ ಕೂತು ಹೇಳೋದು ಸುಲಭ ಮಾರಾಯ. ನಾ ಬಿಟ್ರೆ ಕೆಳಗಿನ ಗದ್ದೆಯವ ಬಲೆ ಹಾಕ್ತಾನೆ. ಅವ್ನಿಗೆ ಯಾರು ಫೋನ್ ಮಾಡ್ತಾರೆ?"

ಆಮೇಲೆ, "ಮಾರ್ಚಲ್ಲಿ ಬರೋವಾಗ ಆ ದುಂಡು ಗಾಳ ನಾಲ್ಕು ತಗೊಂಡು ಬಾ" ಅಂದರು.