ಸೊಂಟ ನೂರಾ ಆರು

"ಸೊಂಟ ತೊಂಬತ್ತೆಂಟು ಸಾಲಲ್ಲ ಅಂತೀಯಾ? ನೂರಾ ಆರೇ ಬೇಕಾ?"

ಫೋನಿನಲ್ಲಿ ನಾನು ಕೇಳಿದ್ದು ಇಷ್ಟೇ. ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದ ಅಮ್ಮನ ಕೈ ನಿಂತಿತು. ಆ ಕಡೆಯಿಂದ ಬೆಂಗಳೂರಿನ ಚಿಕ್ಕಪ್ಪನ ಮಗ ಏನೋ ಹೇಳಿದ. "ಹೌದಪ್ಪ, ಪೌಡರ್ ಜಾಸ್ತಿ ಇದ್ರೆ ಸೊಂಟ ಅಗಲ ಇರಬೇಕು, ಒಪ್ಪಿದೆ. ಆದ್ರೆ ಅಷ್ಟು ತೂಕ ಇದ್ರೆ ಗುಡ್ಡ ಹತ್ತಿಸೋರು ಯಾರು?" ಅಂದೆ.

ಫೋನ್ ಇಡುವಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯೆಲ್ಲ ಹಿಟ್ಟು. "ಯಾರ ಮನೆ ಹುಡುಗಿ ವಿಷಯನೋ ಅದು? ಅವನಿಗೆ ಹೆಣ್ಣು ಹುಡುಕೋದಾದ್ರೆ ಹುಡುಕ್ರೋ. ಹಿಂಗಾ ಮಾತಾಡೋದು? ನಿನಗೂ ಒಬ್ಬಳು ಮಗಳಿದ್ದಾಳೆ."

ಹುಡುಗಿಯಲ್ಲ, ಹಿಮದ ಮೇಲೆ ಜಾರಲು ಕಾಲಿಗೆ ಹಾಕುವ ಹಲಗೆ, ಸ್ಕೀ ಎಂದು ಒಪ್ಪಿಸಲು ಕಾಲು ಗಂಟೆ ಹಿಡಿಯಿತು. ಸ್ಕೀಗೂ ಸೊಂಟ ಇರುತ್ತದೆ. ಮೂತಿ ಅಗಲ, ಬಾಲ ಅಗಲ, ಕಾಲಿಡುವ ಕಡೆ ಸಣ್ಣ. ಆ ಸಣ್ಣ ಜಾಗದ ಅಗಲವನ್ನೇ ಮಿಲಿಮೀಟರಿನಲ್ಲಿ ಹೇಳುವುದು. ಮಗಳ ಸ್ಕೇಲು ತಂದು ತೋರಿಸಿದೆ. 98ಕ್ಕೂ 106ಕ್ಕೂ ಇರುವ ವ್ಯತ್ಯಾಸ ಒಂದು ಸೆಂಟಿಮೀಟರ್ ಕೂಡ ಇಲ್ಲ. "ಇಷ್ಟಕ್ಕಾ ಅರ್ಧ ಗಂಟೆ ಮಾತಾಡಿದ್ದು?" ಎಂದು ಅಮ್ಮ ಒಳಗೆ ಹೋದಳು. ಕಾವಲಿ ಮೇಲಿದ್ದ ರೊಟ್ಟಿ ಸೀದುಹೋಗಿತ್ತು. ಅದೂ ನನ್ನ ಲೆಕ್ಕಕ್ಕೇ ಬಂತು.

ಆಲ್ದೂರು ಕಡೆ ಎಂಟು ಎಕರೆ ಕಾಫಿ ಇಟ್ಟುಕೊಂಡವನಿಗೆ ಸ್ಕೀ ಯಾಕೆ ಅಂತ ನೀವು ಕೇಳಬಹುದು. ನನ್ನ ಹೆಂಡತಿ ದಿನಾ ಕೇಳುತ್ತಾಳೆ. ನಮ್ಮ ಮುಳ್ಳಯ್ಯನಗಿರಿ ಇಡೀ ರಾಜ್ಯಕ್ಕೇ ಎತ್ತರದ ಬೆಟ್ಟ, 1,930 ಮೀಟರ್. ಅಲ್ಲಿ ಸಿಗುವುದು ಗಾಳಿ, ಮಂಜು, ಭಾನುವಾರದ ಟ್ರಾಫಿಕ್ ಜಾಮ್. ಹಿಮ ಇಲ್ಲ. ತಪ್ಪೆಲ್ಲ ಚಿಕ್ಕಪ್ಪನ ಮಗನದು. ನಾಲ್ಕು ವರ್ಷದ ಹಿಂದೆ "ಬಾರೋ ಅಣ್ಣ, ಸುಮ್ನೆ ನೋಡ್ಕೊಂಡು ಬರೋಣ" ಎಂದು ಕಾಶ್ಮೀರದ ಗುಲ್ಮಾರ್ಗ್‌ಗೆ ಕರೆದುಕೊಂಡು ಹೋದ. ಊರೇ 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೋಲಾ, ಅಂದರೆ ತಂತಿಯ ಮೇಲೆ ತೂಗಿ ಹೋಗುವ ಡಬ್ಬಿ, ಎರಡು ಹಂತದಲ್ಲಿ ಅಫರ್ವತ್ ಬೆಟ್ಟದ ಹೆಗಲಿಗೆ, 3,900 ಮೀಟರಿಗೂ ಮೇಲೆ ಒಯ್ಯುತ್ತದೆ. ಒಂದು ಮುಳ್ಳಯ್ಯನಗಿರಿ ಮೇಲೆ ಇನ್ನೊಂದನ್ನು ಇಟ್ಟರೂ ಅಷ್ಟು ಎತ್ತರ ಆಗುವುದಿಲ್ಲ.

ಮೊದಲ ವರ್ಷ ಮಕ್ಕಳ ಇಳಿಜಾರಿನಲ್ಲಿ ಬಿದ್ದೆ. ಎರಡನೇ ವರ್ಷ ದೊಡ್ಡವರ ಇಳಿಜಾರಿನಲ್ಲಿ ಬಿದ್ದೆ. ಮೂರನೇ ವರ್ಷ ರಾತ್ರಿಯೆಲ್ಲ ಹಿಮ ಸುರಿದು ಬೆಳಿಗ್ಗೆ ತೊಡೆಯ ತನಕ ಪೌಡರ್ ನಿಂತಿತ್ತು. ಪೌಡರ್ ಅಂದರೆ ಯಾರೂ ತುಳಿಯದ, ಒಣಗಿದ, ಊದಿದರೆ ಹಾರುವ ಹಿಮ. ನನ್ನ ಕಾಲಲ್ಲಿ ಬಾಡಿಗೆಯ ಸಪೂರ ಸ್ಕೀ. ಎರಡು ತಿರುವು ತಿರುಗಿದೆ. ಮೂರನೆಯದಕ್ಕೆ ಮೂತಿ ಒಳಗೆ ಹೋಯಿತು, ಹಿಂದೆಯೇ ನಾನೂ ಹೋದೆ. ಎದ್ದು ನೋಡಿದರೆ ಒಂದು ಸ್ಕೀ ಇಲ್ಲ. ಕೋಲಿನಲ್ಲಿ ಚುಚ್ಚಿ ಚುಚ್ಚಿ ಹುಡುಕಲು ಮುಕ್ಕಾಲು ಗಂಟೆ. ಪಕ್ಕದಲ್ಲೇ ಅಗಲ ಸ್ಕೀ ಹಾಕಿದ್ದ ಒಬ್ಬ ಮುದುಕ ತೇಲಿಕೊಂಡು ಹೋದ. ಗದ್ದೆಯಲ್ಲಿ ಕೆಸರು ಮಟ್ಟ ಮಾಡಲು ಎತ್ತಿಗೆ ಹಲಗೆ ಕಟ್ಟಿ ಅದರ ಮೇಲೆ ನಮ್ಮಜ್ಜ ನಿಲ್ಲುತ್ತಿದ್ದರು. ಎತ್ತಿನ ಕಾಲು ಮೊಣಕಾಲವರೆಗೆ ಹೂತರೂ ಅಜ್ಜನ ಪಂಚೆ ಒದ್ದೆಯಾಗುತ್ತಿರಲಿಲ್ಲ. ಆ ಮುದುಕನನ್ನು ನೋಡಿದಾಗ ನನಗೆ ಅಜ್ಜ ನೆನಪಾದರು. ಆವತ್ತೇ ನಿರ್ಧಾರ ಮಾಡಿದೆ, ಸ್ವಂತ ಸ್ಕೀ ತಗೊಳ್ಳಬೇಕು, ಅದೂ ಅಗಲದ್ದು.

ಅಗಲದ್ದು ಅಂದುಬಿಟ್ಟರೆ ಮುಗಿಯುವುದಿಲ್ಲ, ನೋಡಿ. ಗಟ್ಟಿ ಹಿಮಕ್ಕೆ 85, 90 ಸೊಂಟ ಚೆಂದ. ಅಂಚು ಕಚ್ಚುತ್ತದೆ, ಬೇಗ ತಿರುಗುತ್ತದೆ. ಬರೀ ಪೌಡರ್ ಆದರೆ 115 ಇದ್ದರೂ ಸರಿ. ಆದರೆ ಅದನ್ನು ಹಾಕಿಕೊಂಡು ಗಟ್ಟಿ ಹಿಮದ ಮೇಲೆ ಹೋಗುವುದು ಅಂದರೆ ಮದುವೆ ಮನೆಯ ಟೈಲ್ಸ್ ಮೇಲೆ ಗಮ್‌ಬೂಟಿನಲ್ಲಿ ಓಡಾಡಿದ ಹಾಗೆ. ಇನ್ನು ಮೂತಿ. ಪೌಡರಿಗೆ ಮೂತಿ ದೋಣಿಯ ಹಾಗೆ ಮೇಲೆದ್ದಿರಬೇಕು, ಅದಕ್ಕೆ ರಾಕರ್ ಅನ್ನುತ್ತಾರೆ. ಕಾಲ ಕೆಳಗೆ ಮಾತ್ರ ಬಿಲ್ಲಿನ ಹಾಗೆ ಉಬ್ಬಿರಬೇಕು, ಇಲ್ಲದಿದ್ದರೆ ಗಟ್ಟಿ ಹಿಮದಲ್ಲಿ ಹಿಡಿತ ಸಿಗುವುದಿಲ್ಲ. ಶೇನ್ ಮೆಕಾಂಕಿ ಎಂಬ ಸ್ಕೀಗಾರ ನೀರಿನ ಮೇಲೆ ಜಾರುವ ವಾಟರ್ ಸ್ಕೀಯನ್ನೇ ಅಲಾಸ್ಕಾದ ಹಿಮಕ್ಕೆ ಒಯ್ದು ಇಳಿದು ತೋರಿಸಿದ್ದನಂತೆ. ಇದನ್ನು ಓದಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಈ ಲೋಕದಲ್ಲಿ ತಲೆಕೆಟ್ಟವನು ನಾನೊಬ್ಬನೇ ಅಲ್ಲ.

ಇದಕ್ಕೆ ಮೇಲೆ ನನಗೊಂದು ದುರಾಸೆ. ಗೊಂಡೋಲಾ ಇಲ್ಲದ ಕಡೆಯೂ ನಡೆದು ಹತ್ತಿ ಇಳಿಯಬೇಕು, ಅಂದರೆ ಟೂರಿಂಗ್. ಅದಕ್ಕೆ ಹಗುರ ಬೇಕು. ಒಂದೊಂದು 1,300 ಗ್ರಾಂ ಇದ್ದರೆ ಹತ್ತುವಾಗ ಹೂವು, ಇಳಿಯುವಾಗ ಗಡಗಡ ನಡುಕ. ಎರಡು ಕೆಜಿಯದ್ದು ಇಳಿಯುವಾಗ ಆನೆ, ಹತ್ತುವಾಗಲೂ ಆನೆ. ಮಳೆಗಾಲದಲ್ಲಿ ಗಮ್‌ಬೂಟಿಗೆ ಕೆಂಪು ಮಣ್ಣು ಮೆತ್ತಿಕೊಂಡು ತೋಟದ ಏರಿ ಹತ್ತಿದವರಿಗೆ ಅರ್ಧ ಕೆಜಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಒಂದೇ ಜೊತೆ ಪೌಡರಿಗೂ ಆಗಬೇಕು, ಗಟ್ಟಿಗೂ ಆಗಬೇಕು, ಹತ್ತಲಿಕ್ಕೂ ಆಗಬೇಕು. ನಮ್ಮ ಮೇಸ್ತ್ರಿಗೆ ಇದನ್ನು ವಿವರಿಸಿದಾಗ ಅವನು ಏನೂ ಹೇಳಲಿಲ್ಲ. ಸೊಂಟದ ಕತ್ತಿ ತೆಗೆದು ನೆಲಕ್ಕಿಟ್ಟ. ಶೆಡ್ಡಿಗೆ ಹೋಗಿ ನೆರಳು ಮರದ ಕೊಂಬೆ ಕಡಿಯುವ ಮರಗಸಿ ಕತ್ತಿ, ಗಿಡ ಸವರುವ ಕತ್ತರಿ ತಂದು ಅದರ ಪಕ್ಕ ಇಟ್ಟ. ಮೂರನ್ನೂ ನೋಡಿದ, ನನ್ನನ್ನು ನೋಡಿದ, ಬೀಡಿ ಹಚ್ಚಿಕೊಂಡ.

ಕೊನೆಗೆ 106ಕ್ಕೇ ಬಂದು ನಿಂತೆ. ಉದ್ದ 178 ಸೆಂಟಿಮೀಟರ್. ಬೆಂಗಳೂರಿನಲ್ಲಿ ಯಾರೋ ವಿದೇಶಕ್ಕೆ ವಾಪಸ್ ಹೋಗುವವರು ಮಾರುತ್ತಿದ್ದದ್ದು. ಬೂಟು ಸೇರಿ ಎರಡು ಮೂಟೆ ಸಿಪ್ಪೆ ಸುಲಿದು ಒಣಗಿಸಿದ ಅರೇಬಿಕಾ ಕಾಫಿ ಬೀಜದ, ಅಂದರೆ ಪಾರ್ಚ್‌ಮೆಂಟ್‌ನ ದುಡ್ಡು. ಅಪ್ಪನ ಮನಸ್ಸು ಕರಗಿಸಲು ಸ್ವಲ್ಪ ಇತಿಹಾಸ ಹೇಳಿದೆ. "ಸ್ಕೀ ಅನ್ನೋದು ಉತ್ತರ ಯುರೋಪಿನ ಹಳೇ ಪದ ಅಪ್ಪ, ಸೀಳಿದ ಮರ ಅಂತ ಅರ್ಥ." ಅಪ್ಪ ಪೇಪರಿನಿಂದ ತಲೆ ಎತ್ತದೆ, "ಸೀಳಿದ ಮರ ಕೊಟ್ಟಿಗೆ ಹಿಂದೆ ಎರಡು ಲೋಡಿದೆ. ನಿನಗೆ ಬೇಕಾದ್ದು ಆರಿಸ್ಕೋ" ಎಂದರು.

ರಾತ್ರಿ ಬಸ್ಸಿನ ಲಗೇಜಿನಲ್ಲಿ ಬಂತು. ಕಂಡಕ್ಟರ್ ಇಳಿಸಿಕೊಡುತ್ತಾ "ಏಣಿನಾ ಸಾರ್?" ಎಂದರು. ಹೌದು ಅಂದೆ. ಚಿಕ್ಕಮಗಳೂರು ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಐದೂವರೆಗೆ ನಿಜ ಹೇಳುವ ಶಕ್ತಿ ನನಗಿರಲಿಲ್ಲ. ಮನೆಗೆ ತಂದು ಕಾಫಿ ಹಣ್ಣು ತೂಗುವ ತಕ್ಕಡಿಗೆ ಹಾಕಿದೆ. ಒಂದು 1,780 ಗ್ರಾಂ, ಇನ್ನೊಂದು 1,830. ಮೇಸ್ತ್ರಿ ಬುಕ್ ತೆರೆದು ಪೆನ್ನು ಹಿಡಿದು, "ತೇವ ಎಷ್ಟು ಕಳೀಲಿ ಗೌಡ್ರೆ?" ಎಂದು ಕೇಳಿದ.

ಮಾರನೇ ದಿನ ಟೂರಿಂಗ್ ಪರೀಕ್ಷೆ. ಸ್ಕೀಯ ತಳಕ್ಕೆ ಅಂಟಿಸುವ ಉದ್ದದ ಪಟ್ಟಿಗೆ ಸ್ಕಿನ್ ಅನ್ನುತ್ತಾರೆ. ಹಿಂದೆ ಸೀಲ್ ಪ್ರಾಣಿಯ ಚರ್ಮ ಕಟ್ಟುತ್ತಿದ್ದರು, ಈಗ ಮೊಹೇರ್ ಎಂಬ ಮೇಕೆ ಕೂದಲು ಅಥವಾ ನೈಲಾನ್. ಬೆಕ್ಕಿನ ಬೆನ್ನು ಸವರಿದ ಹಾಗೆ, ಮುಂದಕ್ಕೆ ನಯ, ಹಿಂದಕ್ಕೆ ತಡೆ. ಅದಕ್ಕೇ ಏರಿನಲ್ಲಿ ಹಿಂದೆ ಜಾರುವುದಿಲ್ಲ. ಇನ್ನೊಂದು ಕಡೆ ಅಂಟು. ಆ ಅಂಟಿನ ಕಡೆ ಮೇಲೆ ಮಾಡಿ ರಾತ್ರಿ ಜಗಲಿಯಲ್ಲಿ ಹರಡಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನಮ್ಮ ನಾಯಿ ಕರಿಯ ಅದರ ಮೇಲೆ ಮಲಗಿದ್ದ. ಅವನನ್ನು ಎಬ್ಬಿಸಿದಾಗ ಚರ್ರ್ ಎಂದು ಶಬ್ದವಾಯಿತು. ಸ್ಕಿನ್‌ನ ಹೊರಮೈಗಿಂತ ಅಂಟಿನ ಕಡೆಯೇ ಕೂದಲು ಜಾಸ್ತಿಯಾಯಿತು.

ಹಾಗೇ ಅಂಟಿಸಿಕೊಂಡು ಮನೆ ಹಿಂದಿನ ಹುಲ್ಲಿನ ಗುಡ್ಡ ಹತ್ತಿದೆ. ನವೆಂಬರ್ ಇಬ್ಬನಿ. ಬೂಟಿನ ಮೂತಿಯನ್ನು ಎರಡು ಕಡೆಯಿಂದ ಸ್ಕೀ ಮೇಲಿನ ಎರಡು ಪಿನ್ನು ಹಿಡಿದುಕೊಳ್ಳುತ್ತವೆ, ಹಿಮ್ಮಡಿ ಮಾತ್ರ ಎತ್ತಲು ಬಿಟ್ಟಿರುತ್ತದೆ. 1980ರ ದಶಕದಲ್ಲಿ ಫ್ರಿಟ್ಜ್ ಬಾರ್ಟೆಲ್ ಎಂಬ ಆಸ್ಟ್ರಿಯಾದವನು ಭಾರ ಹೊರಲಾರದೆ ಕಂಡುಹಿಡಿದ ಉಪಾಯ. ಸೊಗಸಾಗಿ ಹತ್ತಿತು. ಹಣ್ಣು ಕೊಯ್ಯಲು ಬಂದ ಹೆಂಗಸರು ಬುಟ್ಟಿ ಇಳಿಸಿ ಸಾಲಾಗಿ ನಿಂತರು. ನನಗೆ ಹುರುಪು ಬಂತು. ಮೇಲೆ ಹೋಗಿ ಸ್ಕಿನ್ ಕಿತ್ತು ಜೇಬಿಗಿಟ್ಟೆ, ಒದ್ದೆ ಹುಲ್ಲಿನ ಮೇಲೆ ಒಂದೇ ಒಂದು ಸಲ ಇಳಿದು ತೋರಿಸೋಣ ಅಂದುಕೊಂಡೆ.

ಒಂದು ಮರೆತೆ. ಹತ್ತುವಾಗ ಮುಂದಿನ ಪಿನ್ನಿಗೆ ಲಾಕ್ ಹಾಕಿರುತ್ತೇವೆ. ಇಳಿಯುವ ಮೊದಲು ಅದನ್ನು ಬಿಡಿಸಿ ಹಿಮ್ಮಡಿ ಕಚ್ಚಿಸಬೇಕು. ಲಾಕ್ ಇದ್ದರೆ ಬಿದ್ದರೂ ಸ್ಕೀ ಬಿಚ್ಚಿಕೊಳ್ಳುವುದಿಲ್ಲ. ಇದು ನಾನು ಹತ್ತು ಸಲ ಓದಿದ ವಿಷಯ. ಹನ್ನೊಂದನೇ ಸಲ ಲಂಟಾನದ ಪೊದೆಯಲ್ಲಿ ತಲೆಕೆಳಗಾಗಿ, ಎರಡು ಸ್ಕೀ ಆಕಾಶಕ್ಕೆ ಮಾಡಿಕೊಂಡು ಕಲಿತೆ. ಮೇಸ್ತ್ರಿ ಕತ್ತಿ ತಂದು ಸುತ್ತಲ ಲಂಟಾನ ಸವರಿದ. ಒಬ್ಬಳು ಅಜ್ಜಿ ಹತ್ತಿರ ಬಂದು ಬೂಟು ಮುಟ್ಟಿ ನೋಡಿ, "ಇದನ್ನ ಬಿಚ್ಚಕ್ಕೆ ಬರುತ್ತಾ ಗೌಡ್ರೆ, ಇಲ್ಲಾ ಮಲಗೋವಾಗ್ಲೂ ಹಿಂಗೇನಾ?" ಎಂದಳು.

ಆ ವರ್ಷ ಹೋಗಲಾಗಲಿಲ್ಲ. ಗುಲ್ಮಾರ್ಗ್‌ನಲ್ಲಿ ಹಿಮ ಚೆನ್ನಾಗಿರುವುದು ಜನವರಿ, ಫೆಬ್ರವರಿ. ನಮ್ಮ ರೊಬಸ್ಟಾ ಹಣ್ಣಾಗುವುದೂ ಆಗಲೇ. "ಆಳು ಸಿಗೋದು ಹತ್ತು ದಿನ. ನೀವು ಅಲ್ಲಿ ಜಾರ್ತಾ ಇರಿ, ಇಲ್ಲಿ ಹಣ್ಣು ಉದುರಲಿ" ಎಂದಳು ಹೆಂಡತಿ. ಅಷ್ಟರಲ್ಲಿ ಮಳೆಗಾಲ ಬಂತು. ಸ್ಕೀಯ ಅಂಚು ಉಕ್ಕು. ಆಲ್ದೂರಿನ ಜುಲೈಯಲ್ಲಿ ಉಕ್ಕು ಅಂದರೆ ತುಕ್ಕು. ಬೂಟಿನೊಳಗೆ ಬಿಳಿ ಬೂಷ್ಟು ಬೆಳೆದು ಅದೇ ಹಿಮದ ಹಾಗೆ ಕಾಣುತ್ತಿತ್ತು. ಅಮ್ಮ ಒಂದು ಮಾತೂ ಆಡದೆ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು. ಮಲೆನಾಡಿನಲ್ಲಿ ಒಣಗಿ ಉಳಿಯಬೇಕಾದ್ದೆಲ್ಲ ಅಲ್ಲೇ ಇರುವುದು. ಒಂದು ಕಡೆ ಹಲಸಿನ ಹಪ್ಪಳದ ಡಬ್ಬ, ಇನ್ನೊಂದು ಕಡೆ ಒಣಮೀನಿನ ಬುಟ್ಟಿ, ನಡುವೆ ನನ್ನ 106.

ಹಿಮ ಕುಸಿದರೆ ಹೂತವರನ್ನು ಪತ್ತೆ ಮಾಡುವ ಬೀಕನ್, ಚುಚ್ಚಿ ನೋಡುವ ಉದ್ದ ಕೋಲು, ಅಗೆಯುವ ಸಲಿಕೆ, ಈ ಮೂರಿಲ್ಲದೆ ಟೂರಿಂಗ್‌ಗೆ ಹೋಗಬಾರದು. ಅದರಲ್ಲಿ ನಾನು ಜುಗ್ಗತನ ಮಾಡಲಿಲ್ಲ. ಅಮ್ಮ ಮಾತ್ರ ಆ ಅಂಗೈಯಗಲದ ಅಲ್ಯೂಮಿನಿಯಂ ಸಲಿಕೆ ನೋಡಿ, ಮನೆ ಗುದ್ದಲಿಯನ್ನೂ ಬ್ಯಾಗಿಗೆ ಹಾಕಲು ಬಂದಳು.

ಮುಂದಿನ ಫೆಬ್ರವರಿಯಲ್ಲಿ ಐದು ದಿನದ ರಜೆ ಮಂಜೂರಾಯಿತು. ಮೊದಲೆರಡು ದಿನ ಗಾಳಿ ಹೊಡೆದು ಹಿಮ ಸಿಮೆಂಟಿನ ಹಾಗೆ ಗಟ್ಟಿ. 106 ಟೈಲ್ಸ್ ಮೇಲಿನ ಗಮ್‌ಬೂಟೇ ಆಯಿತು. ಮೂರನೇ ರಾತ್ರಿ ಹಿಮ ಬಿತ್ತು. ಬೆಳಿಗ್ಗೆ ಗೈಡ್ ಜೊತೆ ಸ್ಕಿನ್ ಹಾಕಿ ಹತ್ತಲು ಶುರು ಮಾಡಿದೆವು. ಗುಲ್ಮಾರ್ಗ್‌ನಲ್ಲಿ ಬೀದಿನಾಯಿಗಳು ಬೇಕಾದಷ್ಟು, ಸ್ಕೀಯವರ ಹಿಂದೆ ಬರುವುದು ಅವಕ್ಕೆ ರೂಢಿ. ಆವತ್ತು ಏಳು ಬಂದವು. ಬೇರೆ ಯಾರ ಹಿಂದೆಯೂ ಹೋಗದೆ ಸಾಲಾಗಿ ನನ್ನ ಹೆಜ್ಜೆಯಲ್ಲೇ. ಗೈಡ್ ನಿಂತ. ಬಗ್ಗಿ ನನ್ನ ಸ್ಕೀ ಮೂಸಿದ. "ಮಛಲಿ?" ಎಂದ, ಮೀನಾ ಅಂತ.

ತಿರುವು ಆರೋ ಏಳೋ ಸರಿಯಾಗಿ ಬಂತು. ಮೂತಿ ಒಳಗೆ ಹೋಗಲಿಲ್ಲ. ತೇಲಿದೆ. ಕೆಳಗೆ ನಿಂತು ಸ್ಕೀ ಬಿಚ್ಚಿ ಹಿಮದ ಮೇಲಿಟ್ಟು, ಫೋಟೋ ತೆಗೆದು ಮನೆಗೆ ಕಳಿಸೋಣ ಎಂದು ಗ್ಲೌಸ್ ಕಳಚುವಷ್ಟರಲ್ಲಿ ಹಿಂದೆಯೇ ಇಳಿದು ಬಂದ ಒಂದು ದಪ್ಪ ಕಂದು ನಾಯಿ ಅದರ ಮೇಲೆ ಸುರುಳಿ ಸುತ್ತಿ ಮಲಗಿತು. ಫೋಟೋ ಹಾಗೇ ಕಳಿಸಿದೆ. "ಕರಿಯನಿಗಿಂತ ದಪ್ಪ ಇದೆ" ಎಂದು ಹೆಂಡತಿ ಉತ್ತರ ಬರೆದಳು. ಕೆಳಗೆ ಆವತ್ತಿನ ಹಣ್ಣಿನ ತೂಕ.